ಜೀವವಿದ್ದ ಮಾತ್ರೆ

"ನಾವು ಬರೆದುಕೊಟ್ಟಿದ್ದು ಬಿಟ್ಟು ಅವರು ಬೇರೆ ಏನಾದ್ರೂ ತಗೋತಿದ್ರಾ?" ಎಂದು ಡಾಕ್ಟರು ಕೇಳಿದಾಗ ಅವಳು ಇಲ್ಲ ಎಂದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂದುಬಿಟ್ಟಿತು ಆ ಇಲ್ಲ. ಡಾಕ್ಟರು ತಲೆಯಾಡಿಸಿ, ಗೋಡೆಯ ಡಬ್ಬಿಯಿಂದ ಅಂಗೈಗೆ ಕೈ ಶುಚಿಮಾಡುವ ದ್ರವ ಒತ್ತಿಕೊಂಡು ಉಜ್ಜುತ್ತ ಪಕ್ಕದ ರೋಗಿಯ ಕಡೆ ಹೋದರು. ಗಾಜಿನ ಆಚೆ ಗಂಡ ಮಲಗಿದ್ದ. ಜ್ವರ ಬಂದು ಮೂರು ದಿನವಾಗಿತ್ತು. ನಿನ್ನೆ ಸಂಜೆಯಿಂದ ಮಾತು ತೊದಲುತ್ತಿತ್ತು. ಕಳೆದ ವರ್ಷ ಅವನೊಳಗೆ ಕೂರಿಸಿದ ಕಿಡ್ನಿ ಅವನ ಅಕ್ಕನದು. ಆ ಅಕ್ಕ, ಅವಳು ಅತ್ತಿಗೆ ಎಂದು ಕರೆಯುವವರು, ಈಗ ಅವಳ ಮಗ್ಗುಲಲ್ಲೇ ನಿಂತಿದ್ದರು. ಎಡಗೈ ಪಕ್ಕೆಯ ಹೊಲಿಗೆಯ ಜಾಗದ ಮೇಲೆ ಇತ್ತು. ಅಲ್ಲಿ ಕೈ ಇಟ್ಟುಕೊಳ್ಳುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಬೇಕೆಂದು ಮಾಡುತ್ತಾರೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ, ಹಾಗೆ ಅನ್ನಿಸಿದ್ದಕ್ಕೆ ಅಷ್ಟೇ ಸಲ ನಾಚಿಕೆಯೂ ಆಗಿದೆ. ಅತ್ತಿಗೆ ಅಲ್ಲಿ ಇರದೇ ಹೋಗಿದ್ದರೆ ತಾನು ಇಲ್ಲ ಎನ್ನುತ್ತಿದ್ದೆನೇ? ಎನ್ನುತ್ತಿರಲಿಲ್ಲ. ಅದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದ ಮೇಲೂ ಡಾಕ್ಟರ ಹಿಂದೆ ಹೋಗಲಿಲ್ಲ, ಚೀಲ ಹೆಗಲಿಗೆ ಹಾಕಿಕೊಂಡು "ಕೆಲಸಕ್ಕೆ ಹೋಗಿ ಬೇಗ ಬರ್ತೀನಿ ಅತ್ತಿಗೆ, ಹೆಪ್ಪು ನೋಡೋರು ಯಾರೂ ಇಲ್ಲ" ಎಂದಳು. ಅತ್ತಿಗೆ "ಹೋಗು ಹೋಗು, ನಾನಿದೀನಲ್ಲ" ಎಂದರು. ಅವರು ಯಾವಾಗಲೂ ಇರುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹೊರಗೆ ಅಂಗಡಿಗಳ ಷಟರುಗಳು ಏಳುತ್ತಿದ್ದವು, ಒಬ್ಬ ಬಕೆಟ್ಟಿನಿಂದ ಫುಟ್‌ಪಾತಿಗೆ ನೀರೆರಚುತ್ತಿದ್ದ. ಇಲ್ಲ ಎಂದದ್ದು ಪೂರ್ತಿ ಸುಳ್ಳಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಔಷಧಿಯೇ ಅಲ್ಲವಲ್ಲ. ಹೊಟ್ಟೆಗೆ ಒಳ್ಳೆಯದು ಎಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವಂಥದ್ದು, ಒಳ್ಳೆಯ ಜೀವಾಣುಗಳು ತುಂಬಿದ ಕ್ಯಾಪ್ಸೂಲು, ಮಕ್ಕಳಿಗೂ ಕೊಡುತ್ತಾರೆ. ಹೀಗೆ ಹೇಳಿಕೊಳ್ಳುತ್ತಿರುವಾಗಲೇ ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ಚೀಲದೊಳಗೆ ಹೋಗಿ ಆ ಸೀಸೆಯನ್ನು ಮುಟ್ಟಿ ನೋಡಿತು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲೂ ಫ್ರಿಜ್ಜಿನ ಬಾಗಿಲಿನಿಂದ ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಳು. ಅವನಿಗೆ ಕೊಡಲು ಎಂದುಕೊಂಡಿದ್ದಳೋ, ಮನೆಯಲ್ಲಿ ಯಾರ ಕಣ್ಣಿಗೂ ಬೀಳದಿರಲಿ ಎಂದೋ, ಈಗ ಯೋಚಿಸಿದರೆ ಎರಡೂ ನಿಜ ಅನ್ನಿಸುತ್ತದೆ. ಕಿಡ್ನಿಯ ಹೊಂದಾಣಿಕೆ ಪರೀಕ್ಷೆಯ ದಿನವೂ ಹೀಗೇ ಬಸ್ಸಿನಲ್ಲಿ ಬಂದಿದ್ದಳು. ನಿಮ್ಮದು ಹೊಂದುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಕಣ್ಣಲ್ಲಿ ನೀರು ತಂದುಕೊಂಡು, ಅತ್ತಿಗೆಯ ಕೈ ಹಿಡಿದು, ಆಮೇಲೆ ಮುಖ ತೊಳೆಯುತ್ತೇನೆಂದು ಒಳಗೆ ಹೋಗಿ ಕನ್ನಡಿ ನೋಡಿದ್ದಳು. ಶಾಲೆಯ ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗಿಯ ಮುಖ ಅಲ್ಲಿತ್ತು. ಆ ಮುಖವನ್ನು ಅವಳು ಎಷ್ಟು ತೊಳೆದರೂ ಅದು ಹೋಗಲಿಲ್ಲ. ಹೊರಗೆ ಬಂದಾಗ ಅತ್ತಿಗೆ "ಅಳಬೇಡ ಕಣೇ, ನನ್ನದು ಹೊಂದತ್ತಂತೆ" ಎಂದು ಅವಳನ್ನೇ ಸಮಾಧಾನ ಮಾಡಿದ್ದರು. ಅಂದಿನಿಂದ ಅವಳು ಆ ಮನೆಯಲ್ಲಿ ಸಾಲಗಾರಳ ಹಾಗೆ ಓಡಾಡಿದಳು. ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿತ್ತು. ಅತ್ತಿಗೆ ಮನೆಗೆ ಬಂದಾಗ ತಮ್ಮನ ತಟ್ಟೆ ನೋಡಿ "ಉಪ್ಪು ಜಾಸ್ತಿ ಆಯ್ತೇನೋ, ನನ್ನ ಕಿಡ್ನಿ ಕಣಯ್ಯಾ, ಜೋಪಾನ" ಎಂದು ತಮಾಷೆ ಮಾಡುವರು. ಅವನೂ ನಗುವನು. ಅವಳೂ ನಕ್ಕು ಮಾರನೆಯ ದಿನದಿಂದ ಉಪ್ಪು ಕಡಿಮೆ ಹಾಕುವಳು.

ಹಾಲಿನ ಕಾರ್ಖಾನೆಯಲ್ಲಿ ಅವಳದು ಹೆಪ್ಪಿನ ಕೋಣೆ. ಸಾವಿರಾರು ಲೀಟರು ಹಾಲು ಮೊಸರಾಗಬೇಕಾದರೆ ಅದಕ್ಕೆ ಬೇಕಾದ ಜೀವಾಣುಗಳನ್ನು ಮೊದಲು ಬುರುಡೆಯಾಕಾರದ ಸಣ್ಣ ಗಾಜಿನ ಪಾತ್ರೆಗಳಲ್ಲಿ ಸಾಕಿ, ದಿನಾ ಹೊಸ ಹಾಲಿಗೆ ಬದಲಿಸಿ, ಹದವಾದ ಬಿಸಿಯಲ್ಲಿಟ್ಟು ಜೀವಂತವಾಗಿ ಇಟ್ಟುಕೊಳ್ಳಬೇಕು. ಒಂದು ದಿನ ತಪ್ಪಿದರೆ ಅವು ಸೊರಗುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹೆಪ್ಪಮ್ಮ ಎನ್ನುತ್ತಾರೆ. ಮಕ್ಕಳಿಲ್ಲದವಳಿಗೆ ಕೋಟಿ ಮಕ್ಕಳು ಎಂದು ಪ್ಯಾಕಿಂಗಿನವರು ಹಿಂದೆ ನಗುತ್ತಾರೆಂಬುದೂ ಅವಳಿಗೆ ಗೊತ್ತು. ಕೋಟು ತೊಟ್ಟು, ಕೈ ತೊಳೆದು, ಬೇರೆ ಕ್ರಿಮಿ ಬೀಳದಿರಲೆಂದು ಸ್ಪಿರಿಟ್ ದೀಪ ಹಚ್ಚಿ ಅದರ ಉರಿಯ ಹತ್ತಿರ ಬುರುಡೆಯ ಬಾಯಿ ತೆರೆದಳು. ಮೂಗಿಗೇ ತಿಳಿಯುತ್ತದೆ, ಹುಳಿಯ ಹಿಂದೆ ಸಣ್ಣ ಸಿಹಿ ಇದ್ದರೆ ಅವು ಸುಖವಾಗಿವೆ ಎಂದರ್ಥ. ಇವತ್ತೂ ಸುಖವಾಗಿದ್ದವು. ಅವುಗಳಿಗೆ ಜ್ವರವಿಲ್ಲ ಎಂದುಕೊಂಡಳು.

ಕಿಡ್ನಿ ಹಾಕಿದ ಮೇಲೆ ದೇಹ ಅದನ್ನು ಹೊರಗಿನದೆಂದು ತಳ್ಳದಿರಲಿ ಎಂದು, ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸಲು ಕೊಡುವ ಮಾತ್ರೆಗಳು ಅವನ ಹೊಟ್ಟೆಯನ್ನು ಹಾಳು ಮಾಡಿದ್ದವು. ಅವನು ಬಟ್ಟೆ ಅಂಗಡಿಯಲ್ಲಿ ಕಟಿಂಗ್ ಮಾಸ್ಟರು. ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿ ಓಡಿಸುತ್ತಿದ್ದವನು ಅರ್ಧಕ್ಕೇ ಬಿಟ್ಟು ಹಿಂದಿನ ಓಣಿಯ ಕಕ್ಕಸಿಗೆ ಓಡಬೇಕಾಗುತ್ತಿತ್ತು. ಒಂದು ದಿನ ತಲುಪುವುದು ತಡವಾಯಿತು. ಅಂಗಡಿಯ ಮಾಲೀಕ ಏನೂ ಅನ್ನದೆ ಹೊಸ ಪ್ಯಾಂಟು ಕೊಟ್ಟು ಕಳಿಸಿದ್ದ. ಆ ಹೊಸ ಪ್ಯಾಂಟಿನಲ್ಲಿ ಮನೆಗೆ ಬಂದು ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಆವತ್ತು ಅವಳಿಗೆ ಹೊಳೆಯಿತು, ಇದು ನನ್ನ ವಿದ್ಯೆ, ಅತ್ತಿಗೆಗೆ ಗೊತ್ತಿಲ್ಲದ್ದು, ಡಾಕ್ಟರಿಗೂ ನನ್ನಷ್ಟು ಗೊತ್ತಿಲ್ಲದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುವವರು ಅನ್ನಲಿ. ಮೊದಲು ತಂದ ಕಂಪನಿಯ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ಇಲ್ಲೇ, ಇದೇ ಮೇಜಿನ ಮೇಲೆ, ಗಾಜಿನ ತಟ್ಟೆಯಲ್ಲಿ ಬಿತ್ತಿ ಬೆಳೆಸಲು ಇಟ್ಟಳು. ಏನೂ ಬೆಳೆಯಲಿಲ್ಲ, ಎಲ್ಲ ಸತ್ತಿದ್ದವು. ಇನ್ನೊಂದು ಕಂಪನಿಯದೂ ಅಷ್ಟೆ. ಡಬ್ಬಿಯ ಮೇಲೆ ಬರೆಯುವುದು ಕೋಟಿ, ಒಳಗಿರುವುದು ಹೆಣ ಎಂದು ಅವಳು ಗೆದ್ದವಳ ಹಾಗೆ ಗಂಡನಿಗೆ ಹೇಳಿದ್ದಳು. ಮೂರನೆಯದು, ಫ್ರಿಜ್ಜಿನಲ್ಲೇ ಇಡಬೇಕಾದದ್ದು, ದುಬಾರಿ. ಅದರ ತಟ್ಟೆ ತೆರೆದಾಗ ಗುಂಡುಸೂಜಿಯ ತಲೆಯಂಥ ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಎಷ್ಟು ಸಂತೋಷವಾಗಿತ್ತು ಅವಳಿಗೆ. ಸೀಸೆಯ ಜೊತೆಗಿದ್ದ ಸಣ್ಣ ಕಾಗದದಲ್ಲಿ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ವೈದ್ಯರನ್ನು ಕೇಳತಕ್ಕದ್ದು ಎಂಬ ಸಾಲನ್ನು ಓದಿದ್ದಳು. ಕೇಳುವುದು ಯಾರನ್ನು, ಇವುಗಳನ್ನು ಸಾಕುವವಳೇ ನಾನು ಎಂದುಕೊಂಡು ಮಡಚಿ ಕಸದ ಬುಟ್ಟಿಗೆ ಹಾಕಿದ್ದಳು. ತಾನು ದಡ್ಡಿಯಾಗಿ, ಅಂಗಡಿಯವನು ಕೊಟ್ಟ ಸತ್ತ ಮಾತ್ರೆಯನ್ನೇ ತಂದಿದ್ದರೆ ಅವನು ಇವತ್ತು ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಎಂಬುದು ಈಗ, ಬುರುಡೆಯ ಬಾಯಿ ಮುಚ್ಚುತ್ತಿರುವಾಗ, ನಿಚ್ಚಳವಾಗಿ ಕಂಡಿತು.

ಆ ಮಾತ್ರೆ ಕೆಲಸ ಮಾಡಿತ್ತು, ಅದೂ ನಿಜ. ಬೆಳಗ್ಗೆ ಅವನು ಪೇಪರು ಓದುತ್ತ ಕೂತಿರುವಾಗ ಅವಳು ಫ್ರಿಜ್ಜಿನಿಂದ ಸೀಸೆ ತೆಗೆದು ಬರುವಳು. ಅವನು ಪೇಪರಿನಿಂದ ತಲೆ ಎತ್ತದೆ ಅಂಗೈ ಚಾಚುವನು. ಹೆಬ್ಬೆರಳಿನ ಬುಡದಲ್ಲಿ ಕತ್ತರಿಯಿಂದಾದ ಗಟ್ಟಿ ಜಡ್ಡು ಇದ್ದ ಆ ಅಂಗೈ ಮೇಲೆ ತಣ್ಣಗಿನ ಕ್ಯಾಪ್ಸೂಲು ಇಡುವಳು. ಮೊದಲ ದಿನ ಮಾತ್ರ ಅವನು "ಏನೇ ಇದು?" ಎಂದು ಕೇಳಿದ್ದ. "ಹೊಟ್ಟೆಗೆ ಒಳ್ಳೇದು. ಜೀವ ಇದೆ ಇದಕ್ಕೆ, ನಾನೇ ನೋಡಿದೀನಿ." ಅವನು ಅದನ್ನು ಬಟ್ಟೆಯ ಬಣ್ಣ ನೋಡುವವನ ಹಾಗೆ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವಳ ಮುಖವನ್ನು ನೋಡಿದ, ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. "ಅಕ್ಕಂಗೆ ಹೇಳಿದೀಯಾ?" "ಇಲ್ಲ. ಯಾಕೆ ಹೇಳಬೇಕು?" "ಬೇಡ ಬಿಡು" ಎಂದು ನುಂಗಿ ನೀರು ಕುಡಿದ. ಕೆಲವು ವಾರಗಳಲ್ಲಿ ಹೊಟ್ಟೆ ಸರಿಹೋಯಿತು, ಓಡುವುದು ನಿಂತಿತು. "ನಿನ್ನ ಹುಳಗಳು ಕೆಲಸ ಮಾಡ್ತಿವೆ ಕಣೇ" ಎಂದು ಅವನು ಹೇಳಿದ ದಿನ ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಹಿಗ್ಗಿದ್ದಳು. ಅತ್ತಿಗೆ ಕೊಟ್ಟದ್ದು ಒಂದೇ ಸಲ, ನಾನು ದಿನಾ ಕೊಡುತ್ತೇನೆ ಎಂಬ ಮಾತು ಮನಸ್ಸಿನಲ್ಲಿ ಬಂದಿತ್ತು. ಎಂಥ ಲೆಕ್ಕ ಅದು.

ಫೋನು ಬಂದಾಗ ಅವಳು ಸೂಕ್ಷ್ಮದರ್ಶಕದ ಕೆಳಗೆ ಹೆಪ್ಪಿನ ಹನಿ ಸವರಿದ ಗಾಜು ಇಡುತ್ತಿದ್ದಳು. ಅತ್ತಿಗೆಯ ದನಿ ಎಂದಿನಂತೆ ಗಟ್ಟಿಯಾಗಿತ್ತು. "ರಕ್ತದಲ್ಲಿ ಏನೋ ಬೆಳೆದಿದೆಯಂತೆ ಕಣೇ. ಕಡ್ಡಿ ಕಡ್ಡಿ ಥರ ಕಾಣ್ತಿದೆಯಂತೆ. ಅದರ ಹೆಸರು ಗೊತ್ತಾಗೋಕೆ ನಾಳೆಯೋ ನಾಡಿದ್ದೋ ಆಗತ್ತಂತೆ. ಅಲ್ಲೀವರೆಗೂ ದೊಡ್ಡ ಔಷಧಿ ಹಾಕಿದಾರೆ, ವ್ಯಾಂಕೋಮೈಸಿನ್ನೋ ಏನೋ ಅಂದ್ರು. ನಿನಗೆ ಅದೆಲ್ಲ ಗೊತ್ತಿರತ್ತಲ್ಲ, ಒಳ್ಳೇದೇನೇ ಅದು?" ಅವಳು ಹೂಂ ಅತ್ತಿಗೆ, ಒಳ್ಳೇದೇ ಎಂದಳು. "ಮತ್ತೆ ಜ್ವರ ಯಾಕೆ ಇಳೀತಿಲ್ಲ?" ಎಂದು ಅತ್ತಿಗೆ ಕೇಳಿದರು. ಇಳಿಯುತ್ತೆ ಎಂದಳು. ಫೋನಿಟ್ಟು, ಕಣ್ಣು ಸೂಕ್ಷ್ಮದರ್ಶಕಕ್ಕೆ ಹಚ್ಚಿದಳು. ನೇರಳೆ ಬಣ್ಣ ಕುಡಿದ ಸಣ್ಣ ಕಡ್ಡಿಗಳು, ಒಂಟಿ, ಜೋಡಿ, ಸರಪಳಿ, ಕಣ್ಣು ಹಾಯಿಸಿದಷ್ಟೂ ಇದ್ದವು.

ಅದೇ ಕೋಣೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಅಲ್ಯೂಮಿನಿಯಂ ಮುಚ್ಚಳದ ಪುಟ್ಟ ಸೀಸೆಯಲ್ಲಿ, ಆ ದೊಡ್ಡ ಔಷಧಿ ಅವಳ ಹತ್ತಿರವೂ ಇತ್ತು. ಅದನ್ನು ಯಾರಿಗೂ ಚಿಕಿತ್ಸೆಗೆ ಇಟ್ಟಿದ್ದಲ್ಲ. ಕಾರ್ಖಾನೆಯವರು ತಯಾರಿಸುವ ಮೊಸರಿನ ಪಾನೀಯದಲ್ಲಿ, ಕ್ಯಾಪ್ಸೂಲಿನಲ್ಲಿದ್ದ ಇದೇ ಜಾತಿಯ ಕಡ್ಡಿಗಳು ಎಷ್ಟಿವೆ ಎಂದು ಎಣಿಸಬೇಕಾದಾಗ, ತಟ್ಟೆಗೆ ಅದನ್ನು ಒಂದಿಷ್ಟು ಬೆರೆಸುತ್ತಾರೆ. ಮಿಕ್ಕವೆಲ್ಲ ಸಾಯುತ್ತವೆ, ಇವು ಮಾತ್ರ ಏನೂ ಆಗದವುಗಳ ಹಾಗೆ ಬೆಳೆಯುತ್ತವೆ. ಎಷ್ಟು ವರ್ಷದಿಂದ ತನ್ನ ಕೈಯಾರೆ ಬೆರೆಸಿದ್ದಾಳೆ. ಅಲ್ಲಿ ಆಸ್ಪತ್ರೆಯಲ್ಲಿ ಕೊಳವೆಯಿಂದ ಅದೇ ಔಷಧಿ ಅವನೊಳಗೆ ಇಳಿಯುತ್ತಿದೆ, ಮತ್ತು ಅವನು ಒಂದು ತಟ್ಟೆಯಾಗಿದ್ದಾನೆ. ಇವುಗಳಿಗೆ ಬೇಕಾದ ಔಷಧಿ ಬೇರೆ, ಹಳೆಯದು, ಯಾವ ಸಣ್ಣ ಆಸ್ಪತ್ರೆಯಲ್ಲೂ ಸಿಗುವಂಥದ್ದು. ಒಂದು ಮಾತು ಹೇಳಿದರೆ ಸಾಕು, ಬದಲಾಯಿಸುತ್ತಾರೆ. ಅವಳು ಫೋನು ತೆಗೆದು ಆಸ್ಪತ್ರೆಯ ನಂಬರು ಒತ್ತಿದಳು. ಹೆಂಗಸೊಬ್ಬಳು "ಯಾವ ವಾರ್ಡು? ರೋಗಿಗೆ ನೀವೇನಾಗಬೇಕು?" ಎಂದಳು. ಇವಳು ಹೆಂಡತಿ ಎಂದಳು. ತಡೀರಿ ಎಂದು ಆ ಹೆಂಗಸು ಸಂಗೀತ ಹಾಕಿದಳು. ಆ ಸಂಗೀತ ಕೇಳುತ್ತ ಕೇಳುತ್ತ ಅವಳ ಧೈರ್ಯ ಸೋರಿತು. ವಾರ್ಡಿನ ಫೋನು ಇರುವುದು ಕಾರಿಡಾರಿನ ಬೆಂಚಿನ ಎದುರೇ, ಆ ಬೆಂಚಿನಲ್ಲಿ ಅತ್ತಿಗೆ ಇದ್ದಾರೆ. ಫೋನು ಕತ್ತರಿಸಿದಳು.

ನಾಳೆ ಹೇಗೂ ಆಸ್ಪತ್ರೆಯ ಪ್ರಯೋಗಾಲಯದವರೇ ಹೆಸರು ಕಂಡುಹಿಡಿಯುತ್ತಾರೆ, ಔಷಧಿ ಬದಲಾಗುತ್ತದೆ. ಎಲ್ಲಿಂದ ಬಂತು ಎಂದು ಯಾರು ಹೇಳಬಲ್ಲರು, ಕರುಳಿನಿಂದ ಬಂದಿರಬಹುದು, ಮೊಸರಿನಿಂದ ಬಂದಿರಬಹುದು. ಯಾರ ಕೈವಾಡವೂ ಹೊರಗೆ ಬರುವುದಿಲ್ಲ. ಒಂದು ದಿನ ತಾನೆ. ಈ ಯೋಚನೆ ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಬೇರೆ ಯಾರೋ ಪಕ್ಕದಲ್ಲಿ ನಿಂತು ಹೇಳಿದರೇನೋ ಎಂದು ಅವಳು ಹೆದರಿದಳು. ಹೇಳಿದವರು ಯಾರೂ ಇರಲಿಲ್ಲ. ಸಿಂಕಿನ ಮುಂದೆ ನಿಂತು ಹನಿ ಅಳೆಯುವ ಗಾಜಿನ ಪಿಪೆಟ್ಟುಗಳನ್ನು ತೊಳೆಯತೊಡಗಿದಳು. ತೊಳೆದದ್ದನ್ನೇ ತೊಳೆದಳು. ಬಾಟಲಿ ತೊಳೆಯುವ ಹೆಂಗಸು ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಮ್ಮಾ, ಅದು ನಾನು ಬೆಳಗ್ಗೆನೇ ತೊಳೆದಿಟ್ಟಿದ್ದು. ನನ್ನ ಕೆಲಸ ಕಿತ್ಕೋತೀರಾ?"

"ಹಾಗೇ ಸುಮ್ನೆ."

"ಯಜಮಾನ್ರಿಗೆ ಹೇಗಿದೆ?"

"ಜ್ವರ ಇದೆ ಇನ್ನೂ."

"ಇಳಿಯತ್ತೆ ಬಿಡಿ. ಆ ಅಕ್ಕನಂಥವ್ರು ಬೆನ್ನಿಗಿದ್ದಾಗ ಏನಾಗತ್ತೆ. ತಮ್ಮನಿಗೆ ದೇಹವನ್ನೇ ಕೊಟ್ರಲ್ಲ, ಯಾರು ಕೊಡ್ತಾರೆ ಈ ಕಾಲದಲ್ಲಿ." ಹೆಂಗಸು ಪಿಪೆಟ್ಟುಗಳನ್ನು ಅವಳ ಕೈಯಿಂದ ಬಿಡಿಸಿಕೊಂಡು ತಟ್ಟೆಗೆ ಹಾಕಿದಳು. "ನೀವಾದ್ರೂ ಏನು ಮಾಡೋಕಾಗತ್ತೆ ಪಾಪ. ನೀವು ಮಾಡೋ ಅಂಥದ್ದು ಏನೂ ಇಲ್ಲ."

ಅವಳು ಕೈ ಒರೆಸಿಕೊಂಡು ಮೇಜಿಗೆ ಬಂದಳು. ಹೊಸ ಹಾಲಿನ ಬುರುಡೆಗಳು ಸಾಲಾಗಿ ಕಾಯುತ್ತಿದ್ದವು, ನಿನ್ನೆಯ ಹೆಪ್ಪನ್ನು ಅವಕ್ಕೆ ಬದಲಿಸಬೇಕಿತ್ತು. ದೀಪ ಹಚ್ಚಿದಳು, ಬುರುಡೆ ತೆರೆದಳು, ಮತ್ತೆ ಅದೇ ಹುಳಿ, ಅದರ ಹಿಂದೆ ಅದೇ ಸಿಹಿ. ಇವು ಸಾಯಲಿ ಎಂದು ಅನ್ನಿಸಿದ್ದು ಅವಳ ಕೆಲಸದ ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಅನ್ನಿಸಿದ ಕೂಡಲೇ ಬುರುಡೆಯನ್ನು ಮೇಜಿನ ಮೇಲೇ ಬಿಟ್ಟು, ದೀಪ ಆರಿಸಿ, ಕೋಟು ಕಳಚಿದಳು. ಹೆಪ್ಪು ಬದಲಿಸದೆ ಅವಳು ಆ ಕೋಣೆಯಿಂದ ಹೊರಗೆ ಬಂದದ್ದು ಯಾವತ್ತೂ ಇಲ್ಲ. ಗೇಟಿನವನು ಏನಮ್ಮಾ ಇಷ್ಟು ಬೇಗ ಎಂದ. ಅವನಿಗೆ ಏನು ಹೇಳಿದಳೋ ನೆನಪಿಲ್ಲ.

ಕಾರಿಡಾರಿನಲ್ಲಿ ಅತ್ತಿಗೆ ಬೆಂಚಿನ ತುದಿಯಲ್ಲಿ ಕೂತು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ಅವಳನ್ನು ಕಂಡು ಸರಿದು ಜಾಗ ಮಾಡಿ, ಮಡಿಲಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಚಾಚಿದರು. "ಏನಾದ್ರೂ ತಿಂದ್ಯಾ? ಮುಖ ನೋಡು ಹೇಗಾಗಿದೆ. ನೀನೂ ಮಲಗಿಬಿಟ್ರೆ ನಾನು ಯಾರನ್ನ ಅಂತ ನೋಡ್ಕೊಳ್ಳಲಿ." ಬಿಸ್ಕತ್ತು ಬಾಯಲ್ಲಿ ಮರಳಾಯಿತು. ಬೈಯುವವರಾಗಿದ್ದರೆ ಎಷ್ಟು ಸುಲಭವಿತ್ತು. ಅತ್ತಿಗೆಯ ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು, ಕಾಲು ಊದಿ ಚಪ್ಪಲಿಯ ಪಟ್ಟಿ ಕಚ್ಚಿತ್ತು. ಒಂದೇ ಕಿಡ್ನಿಯಲ್ಲಿ ರಾತ್ರಿಯೆಲ್ಲ ಇಲ್ಲಿ ಕೂತಿದ್ದವರು ಇವರು ಎಂದು ಅವಳಿಗೆ ಈಗ ಹೊಳೆಯಿತು. ಇಷ್ಟು ದಿನ ಅವರ ಕೈ ಹೊಲಿಗೆಯ ಮೇಲಿರುವುದನ್ನು ನೋಡಿದ್ದಳೇ ಹೊರತು ಅಲ್ಲಿ ನೋಯುತ್ತಿರಬಹುದೆಂದು ಯೋಚಿಸಿರಲಿಲ್ಲ. ಗಾಜಿನ ಬಾಗಿಲು ತೆರೆದು ಡಾಕ್ಟರು ಹೊರಬಂದರು. ಅವರ ಮುಖ ಬೆಳಗ್ಗಿಗಿಂತ ಗಡುಸಾಗಿತ್ತು. ಬಿ.ಪಿ. ಬೀಳುತ್ತಿದೆ, ಮೂತ್ರ ಕಡಿಮೆಯಾಗಿದೆ ಎಂದರು. ಇಬ್ಬರಿಗೂ ಸೇರಿಸಿ ಹೇಳುತ್ತಿದ್ದರೂ ಅವರು ನೋಡುತ್ತಿದ್ದುದು ಅತ್ತಿಗೆಯನ್ನು.

ಅವಳು ಎದ್ದು ನಿಂತಳು. ಚೀಲದಿಂದ ಸೀಸೆ ತೆಗೆದು ಚಾಚಿದಳು. "ನಾನು ಬೆಳಗ್ಗೆ ಸುಳ್ಳು ಹೇಳಿದೆ. ಇದನ್ನ ಕೊಡ್ತಿದ್ದೆ. ದಿನಾ. ಐದಾರು ತಿಂಗಳಾಯ್ತು. ರಕ್ತದಲ್ಲಿ ಇರೋದು ಇದೇ. ಈಗ ಹಾಕ್ತಿರೋ ಔಷಧಿ ಇವಕ್ಕೆ ಏನೂ ಮಾಡಲ್ಲ, ನನಗೆ ಗೊತ್ತು, ನಾನು ಬೆಳೆಸೋದೇ ಇವನ್ನ." ದನಿ ತನ್ನದಲ್ಲವೆಂಬಂತೆ ನೆಟ್ಟಗಿತ್ತು. ಡಾಕ್ಟರು ಸೀಸೆಯನ್ನು ಬೆಳಕಿಗೆ ಹಿಡಿದು ಓದಿದರು, ಒಂದು ಕ್ಷಣ ಕಣ್ಣು ಮುಚ್ಚಿದರು, ಬಾಗಿಲು ದೂಡಿ ಒಳಗಿನ ನರ್ಸಿಗೆ ಔಷಧಿಯ ಹೆಸರೊಂದನ್ನು ಹೇಳಿ ಈಗಲೇ ಶುರು ಮಾಡಿ ಎಂದರು. ಆಮೇಲೆ ತಿರುಗಿ, ಬೈಯದೆ, ದಣಿದ ದನಿಯಲ್ಲಿ ಹೇಳಿದರು:

"ಬೆಳಗ್ಗೆ ಹೇಳಬಾರದಿತ್ತೇನಮ್ಮಾ. ಮೊನ್ನೆ ಅವರು ಮಾತಾಡೋ ಹಾಗಿದ್ದಾಗ ಅವರನ್ನೂ ಕೇಳಿದ್ದೆ. ಬೇರೇನೂ ಇಲ್ಲ ಅಂದ್ರು. ಇದನ್ನೇ ಹೆಸರು ಹಿಡಿದು ಕೇಳಿದೆ ನಾನು, ಜೀವಾಣುವಿನ ಕ್ಯಾಪ್ಸೂಲು ಏನಾದ್ರೂ ಅಂತ. ಕಿಡ್ನಿ ಹಾಕಿ ಮೊದಲು ಮನೆಗೆ ಕಳಿಸೋ ದಿನವೇ ಕೂರಿಸ್ಕೊಂಡು ಹೇಳಿದ್ದೆ, ಇಂಥದ್ದು ನಿಮಗೆ ಆಗೋದಿಲ್ಲ, ಯಾರು ಕೊಟ್ರೂ ತಗೋಬೇಡಿ ಅಂತ. ಅವರಿಗೆ ಚೆನ್ನಾಗಿ ಗೊತ್ತಿತ್ತು."

ಮನೆಗೆ ಕಳಿಸಿದ ದಿನ ಅವಳು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಮೊನ್ನೆ ಡಾಕ್ಟರು ಕೇಳಿದಾಗ ಹಾಸಿಗೆಯ ಪಕ್ಕದಲ್ಲಿ ಅತ್ತಿಗೆ ಇದ್ದರು. ಅವನು ಮೊದಲ ದಿನ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದದ್ದು, ಆಮೇಲೆ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು, ಬೇಡ ಬಿಡು ಎಂದದ್ದು. ಆವತ್ತು ತನ್ನ ಮುಖದಲ್ಲಿ ಅವನು ಏನು ಕಂಡಿರಬೇಕು? ಕೊಡಲು ಕೊನೆಗೂ ಏನೋ ಸಿಕ್ಕಿದವಳ ಮುಖ. ಅದನ್ನು ಬೇಡ ಎನ್ನಲಾರದೆ ಅವನು ತಿಂಗಳುಗಟ್ಟಲೆ ದಿನಾ ಬೆಳಗ್ಗೆ ಅಂಗೈ ಚಾಚಿದ್ದ. ಜ್ವರದಲ್ಲಿ ಬಿದ್ದ ಮೇಲೂ ಅಕ್ಕನ ಎದುರು ಅವಳ ಮಾನ ಹೋಗದಿರಲಿ ಎಂದು ಇಲ್ಲ ಎಂದಿದ್ದ. ಇಬ್ಬರೂ ಒಂದೇ ಸುಳ್ಳನ್ನು, ಒಬ್ಬರಿಗೊಬ್ಬರು ತಿಳಿಯದೆ, ಒಂದೇ ಬಾಯಲ್ಲಿ ಹೇಳಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಇಷ್ಟು ಒಂದಾಗಿದ್ದುದು ಬೇರೆ ಯಾವತ್ತಾದರೂ ಇತ್ತೇ ಎಂದು ಅವಳಿಗೆ ನೆನಪಾಗಲಿಲ್ಲ.

ಅತ್ತಿಗೆಯ ಕಡೆ ನೋಡುವ ಧೈರ್ಯ ಬಹಳ ಹೊತ್ತು ಬರಲಿಲ್ಲ. ಅವರು ಲೋಟವನ್ನು ಬೆಂಚಿನ ಕೆಳಗೆ ಇಡುವುದು ಕೇಳಿಸಿತು. ಹೊಡೆದರೆ ಹೊಡೆಯಲಿ, ಈ ಕಾರಿಡಾರಿನಲ್ಲೇ, ಎಲ್ಲರ ಮುಂದೆ. ಅವರು ಹೊಡೆಯಲಿಲ್ಲ. ಪಕ್ಕೆಯ ಮೇಲಿನ ಕೈ ತೆಗೆದು ಇನ್ನೊಂದು ಪಕ್ಕೆಯ ಮೇಲೆ, ಹೊಲಿಗೆಯಿಲ್ಲದ ಕಡೆ, ಇಟ್ಟುಕೊಂಡರು.

"ನನ್ಹತ್ರ ಇನ್ನು ಒಂದೇ ಇರೋದು ಕಣೇ" ಎಂದರು.

ನರ್ಸು ಬಂದು ಒಬ್ಬರು ಮಾತ್ರ ಒಳಗೆ ಬರಬಹುದು ಎಂದಳು. ಅತ್ತಿಗೆ ಏಳಲಿಲ್ಲ; ಗದ್ದ ಅಲ್ಲಾಡಿಸಿ ಅವಳಿಗೇ ಹೋಗು ಎಂದರು. ಹಸಿರು ಗೌನು ತೊಟ್ಟು, ಕೈ ತೊಳೆದು ಅವಳು ಒಳಗೆ ಹೋದಳು. ಹೊಸ ಸೀಸೆಯಿಂದ ಔಷಧಿ ಹನಿಹನಿಯಾಗಿ ಕೊಳವೆಗೆ ಇಳಿಯುತ್ತಿತ್ತು. ಇವತ್ತಿನ ಬೆಳಗ್ಗೆಯೇ ಇಳಿಯಬೇಕಿತ್ತು. ಅವನ ತುಟಿ ಒಡೆದಿತ್ತು, ಕಣ್ಣು ಪೂರ್ತಿ ಮುಚ್ಚಿರಲಿಲ್ಲ, ಕೆಳಗಿನ ಬಿಳುಪು ಮಾತ್ರ ಕಾಣುತ್ತಿತ್ತು. ಮಂಚದ ಪಕ್ಕಕ್ಕೆ ನೇತುಹಾಕಿದ ಚೀಲದಲ್ಲಿ ಮೂತ್ರ ತಳ ಕಾಣುವಷ್ಟೇ ಇತ್ತು. ರೀ ಎಂದಳು. ಅವನು ಅಲುಗಲಿಲ್ಲ. ಬಾಗಿ, ತೊಳೆದು ತಣ್ಣಗಾಗಿದ್ದ ತನ್ನ ಬೆರಳುಗಳಿಂದ ಅವನ ಮಣಿಕಟ್ಟನ್ನು ಮುಟ್ಟಿದಳು.

ಆ ತಣ್ಣಗಿನ ಸ್ಪರ್ಶ ಎಲ್ಲಿಗೆ ತಲುಪಿತೋ, ಹಾಸಿಗೆಯ ಮೇಲೆ ಬೋರಲು ಬಿದ್ದಿದ್ದ ಅವನ ಕೈ ನಿಧಾನವಾಗಿ ತಿರುಗಿತು. ಬೆರಳುಗಳು ಬಿಚ್ಚಿಕೊಂಡವು. ಜಡ್ಡುಗಟ್ಟಿದ ಅಂಗೈ ಅವಳ ಕಡೆಗೆ ಚಾಚಿ ನಿಂತಿತು.

"ನೀರು ಕೇಳ್ತಿದಾರೇನೋ" ಎಂದಳು ನರ್ಸು.

"ನೀರಲ್ಲ" ಎಂದಳು ಅವಳು.

ಆ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ನರ್ಸು ಸಮಯವಾಯಿತು ಎಂದಾಗ ಬಿಟ್ಟಳು. ಬಿಟ್ಟ ಕೂಡಲೇ ಅಂಗೈ ಮತ್ತೆ ತೆರೆದುಕೊಂಡಿತು.